ಬದಲಿಗೆ ಬಂದವಳು

"ಸುಳ್ಳು ಹೇಳಿ ಅಂತ ನಾನು ಹೇಳ್ತಾ ಇಲ್ಲಮ್ಮ," ಎಂದ ಕತ್ತರಿ ಸಾಹೇಬ, ಕ್ಯಾಂಟೀನಿನ ಮೇಜಿನ ಮೇಲೆ ಕಾಫಿ ಲೋಟವನ್ನು ತಾನೇ ಅವಳತ್ತ ಸರಿಸುತ್ತ. "ನಿಮ್ಮ ಬದಲಿಗೆ ಗೆಳತೀನ ಕೆಲಸಕ್ಕೆ ಕಳಿಸಿದ್ರಿ ತಾನೆ? ಅಷ್ಟು ಹೇಳಿ ಸಾಕು. ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಬೇಡ."

ಈ ಸರ್ಕಾರಿ ಆಸ್ಪತ್ರೆಯ ಹಣಕಾಸು ವಿಭಾಗಕ್ಕೆ ಬಹುಕಾಲ ಮುಖ್ಯಸ್ಥನಾಗಿದ್ದವನು ಅವನು. ಯಾರ ಬಿಲ್ಲು ಬಂದರೂ ಎಲ್ಲಾದರೊಂದು ಕಡೆ ಕತ್ತರಿಸದೆ ಮುಂದಕ್ಕೆ ಬಿಟ್ಟವನಲ್ಲ. ಹೆಸರು ಬಂದದ್ದು ಹಾಗೆ. ನಿವೃತ್ತನಾದ ಮರುವಾರವೇ ಅದೇ ಕೋಣೆಗೆ, ಅದೇ ಕುರ್ಚಿಗೆ, ಸಲಹೆಗಾರನೆಂಬ ಹೊಸ ಹೆಸರು ಹೊತ್ತು ವಾಪಸಾಗಿದ್ದ. ಈಗ ತೆರಿಗೆ ಇಲಾಖೆಯವರು ಬಂದು ಕುಳಿತಿದ್ದರು. ಇವನು ನಿಜವಾಗಿ ಸ್ವತಂತ್ರ ಗುತ್ತಿಗೆದಾರನೋ, ವೇಷ ಬದಲಿಸಿದ ನೌಕರನೋ? ನೌಕರನೆಂದಾದರೆ ಹಿಂದಿನದ್ದೆಲ್ಲ ಸೇರಿಸಿ ತೆರಿಗೆ, ಮೇಲೆ ದಂಡ. ತನ್ನ ಬದಲಿಗೆ ಇನ್ನೊಬ್ಬರನ್ನು ಕೆಲಸಕ್ಕೆ ಕಳಿಸಬಲ್ಲವನು ನೌಕರನಲ್ಲ ಎನ್ನುತ್ತದೆ ನಿಯಮ. ಅವನ ಗುತ್ತಿಗೆಯ ಕರಾರಿನಲ್ಲಿ ಆ ಮಾತಿತ್ತು. ಆದರೆ ಅದು ಬರೀ ಕಾಗದದ ಮಾತಲ್ಲ, ಈ ಆಸ್ಪತ್ರೆಯಲ್ಲಿ ನಡೆದುಬಂದದ್ದೇ ಹಾಗೆ ಎಂದು ಯಾರಾದರೂ ಎದುರು ಕುಳಿತು ಹೇಳಬೇಕಿತ್ತು.

ಅದಕ್ಕೇ ಸನ್ನೆಯಮ್ಮನಿಗೆ ಕರೆ ಹೋಗಿದ್ದು. ಕಿವಿ ಕೇಳದ ರೋಗಿಗಳಿಗೂ ವೈದ್ಯರಿಗೂ ನಡುವೆ ನಿಂತು, ಒಬ್ಬರ ಮಾತನ್ನು ಕೈಗೆ, ಇನ್ನೊಬ್ಬರ ಕೈಯನ್ನು ಮಾತಿಗೆ ತಿರುಗಿಸುವ ದುಭಾಷಿ ಅವಳು. ಆ ಹೆಸರು ಇಟ್ಟದ್ದು ವಾರ್ಡಿನ ಆಯಾಗಳು.

"ನಿಮ್ಮ ಹೊಸ ಗುತ್ತಿಗೆ ರೆಡಿ ಇದೆ," ಎಂದ. "ಈ ಸಲ ಸ್ವತಂತ್ರ ಅಂತಲೇ ಮಾಡಿಸ್ತೀನಿ. ನಿಮ್ಮ ತೆರಿಗೆ ನೀವೇ ಕಟ್ಕೊಳ್ಳಿ, ಓಡಾಟದ ಖರ್ಚು ಅದರಲ್ಲೇ ತೋರಿಸ್ಕೊಳ್ಳಿ, ಯಾರೂ ಕೈ ಹಾಕಲ್ಲ. ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಿ."

ಅವಳು ಕಾಫಿ ಮುಟ್ಟಲಿಲ್ಲ.

ಹಳೆಯದೆಂದರೆ ಇಷ್ಟು. ಮನೆಯಲ್ಲಿ ಅಮ್ಮ ಕೊನೆಯ ಉಸಿರೆಳೆಯುತ್ತಿದ್ದ ಬೆಳಿಗ್ಗೆ ಅವಳು ತನ್ನ ಬದಲಿಗೆ ಕುಳ್ಳಿಯನ್ನು ಕಳಿಸಿದ್ದಳು. ಕುಳ್ಳಿ ಅವಳ ಜೊತೆಯಲ್ಲೇ ಕಲಿತ ಗೆಳತಿ, ಅವಳಷ್ಟೇ ಪಳಗಿದ ಕೈ. ಕತ್ತರಿ ಅವಳನ್ನು ಆಸ್ಪತ್ರೆಯ ಬಾಗಿಲಲ್ಲೇ ತಡೆದ. ಒಳಗೆ ಹೆರಿಗೆ ವಾರ್ಡಿನಲ್ಲಿ ಕಿವಿ ಕೇಳದ ಹೆಂಗಸೊಬ್ಬಳು ನೋವು ತಿನ್ನುತ್ತಿದ್ದಳು. ನರ್ಸುಗಳು ಅವಳ ಕಿವಿಗೆ ಬಾಯಿಟ್ಟು ಕೂಗಿದರಂತೆ, ಗಟ್ಟಿಯಾಗಿ ಕೂಗಿದರೆ ಕೇಳಿಸೀತು ಎಂಬಂತೆ. ಮಗು ಉಳಿಯಿತು. ಹೊಟ್ಟೆ ಕೊಯ್ಯುತ್ತಾರೆಂದು ತಾಯಿಗೆ ಗೊತ್ತಾದದ್ದು ಮುಖದ ಮೇಲೆ ಅರಿವಳಿಕೆಯ ಮುಸುಕು ಬಂದಾಗ.

ಅಮ್ಮನನ್ನು ಕಳಿಸಿಕೊಟ್ಟು ಅವಳು ಕೆಲಸಕ್ಕೆ ಮರಳುವಷ್ಟರಲ್ಲಿ ತೀರ್ಮಾನ ಕಾದಿತ್ತು: ಈಕೆಗೆ ಬದಲಿ ಕಳಿಸುವ ಹಕ್ಕಿಲ್ಲ, ಆದ್ದರಿಂದ ತೆರಿಗೆಯ ಮಟ್ಟಿಗೆ ನೌಕರಳು. ಕೆಳಗೆ ಕತ್ತರಿಯ ಸಹಿ. ಅಂದಿನಿಂದ ನೌಕರಳ ಹಾಗೆ ತೆರಿಗೆ ಮೊದಲೇ ಮುರಿದುಕೊಂಡು ಹಣ ಕೊಟ್ಟರು. ರಜೆ ಕೇಳಿದರೆ, ಪಿಂಚಣಿ ಕೇಳಿದರೆ, ನೀನು ಗುತ್ತಿಗೆಯವಳಲ್ಲವೇ ಎಂದರು. ಕೊಡುವಾಗ ಹೊರಗಿನವಳು, ಕತ್ತರಿಸುವಾಗ ಒಳಗಿನವಳು. ಅವಳು ಬಿಟ್ಟು ಹೋದಳು. ಆಗಲೂ ಅವನು ತಲೆ ಎತ್ತಿ ನೋಡಿರಲಿಲ್ಲ.

ಮೆಟ್ಟಿಲ ಮೇಲೆ ನಿಂತು ಅವಳು ಕುಳ್ಳಿಗೆ ಫೋನು ಮಾಡಿದಳು.

"ಏನೇ, ಕತ್ತರಿ ಕಾಫಿ ಕುಡಿಸಿದ್ನಾ? ವಿಷ ಗಿಷ ಹಾಕಿದ್ನೇನೋ ನೋಡ್ಕೋಬೇಕಿತ್ತು."

"ನಿನ್ನ ಹೆಸರು ಎತ್ಬೇಕಾಗುತ್ತೆ ಕಣೇ."

"ಎತ್ತು, ನನಗೇನು. ಆದ್ರೆ ಅಂಗಡಿ ಮುಚ್ಚಿ ನಿನ್ನ ಯಜಮಾನ್ರು ಮನೇಲಿ ಕೂತಿದಾರೆ, ಅದು ತಲೇಲಿರಲಿ. ಆ ಮುದುಕನಿಗೆ ಬೇಕಾದ್ದು ಹೇಳಿ ಕೆಲಸ ತಗೊಂಡು ತೆಪ್ಪಗೆ ಬಾ. ಸಿಟ್ಟಿಂದ ಮನೆ ಬಾಡಿಗೆ ಕಟ್ಟೋಕಾಗಲ್ಲ."

"ಅವತ್ತು ಬಾಗಿಲಲ್ಲಿ ಅವನು ಏನಂದ? ಇನ್ನೊಂದ್ಸಲ ಹೇಳು."

ಕುಳ್ಳಿ ಅವನ ದನಿ ತೆಗೆದು ಹೇಳಿದಳು. ಇವಳು ಕಣ್ಣು ಮುಚ್ಚಿ ಬಾಯಿಪಾಠ ಮಾಡಿಕೊಂಡಳು.

ಮೇಲೆ, ವಿಚಾರಣೆಯ ಕೋಣೆಯಲ್ಲಿ ಕುಳಿತಿದ್ದ ತೆರಿಗೆ ಅಧಿಕಾರಿಣಿಗೆ ಶೀತವಾಗಿತ್ತು. ಕೆನ್ನೆಯೊಳಗೆ ಕೆಮ್ಮಿನ ಗುಳಿಗೆ ಇಟ್ಟುಕೊಂಡೇ ಕೇಳಿದಳು: "ನಿಮ್ಮ ಬದಲಿಗೆ ಇನ್ನೊಬ್ಬರನ್ನ ಯಾವತ್ತಾದ್ರೂ ಕಳಿಸಿದ್ರಾ?"

"ಕಳಿಸಿದ್ದೆ."

ಪಕ್ಕದಲ್ಲಿ ಕುಳಿತಿದ್ದ ಕತ್ತರಿ ಕುರ್ಚಿಗೆ ಒರಗಿದ. ಅವನ ಉಸಿರು ಸಡಿಲವಾದದ್ದು ಅವಳಿಗೆ ಕೇಳಿಸಿತು. ಕೆಲಸವಿಲ್ಲದವರು ಎಷ್ಟಕ್ಕೆ ಬಗ್ಗುತ್ತಾರೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ನೆಮ್ಮದಿಯನ್ನು ಅವಳು ಸ್ವಲ್ಪ ಹೊತ್ತು ಅವನಿಗೇ ಬಿಟ್ಟಳು.

"ಒಳಗೆ ಬಿಡಲಿಲ್ಲ," ಎಂದಳು ಆಮೇಲೆ. "ಈ ಸಾಹೇಬ್ರೇ ಬಾಗಿಲಲ್ಲಿ ನಿಂತು ವಾಪಸ್ ಕಳಿಸಿದ್ರು. 'ಬದಲಿ ಗಿದಲಿ ಇಲ್ಲಿ ನಡೆಯಲ್ಲ. ಅವಳಮ್ಮ ಸತ್ತರೆ ಸತ್ತಮೇಲೆ ಬರಲಿ. ನಮಗೆ ಬೇಕಾದ್ದು ಅವಳೇ.' ಹೀಗಂದ್ರು. ಕೇಳಿಸ್ಕೊಂಡವಳು ಇದಾಳೆ, ಕರೆಸಿ."

"ಅಮ್ಮಾ, ಇದು ಬೇರೆ ಸಂದರ್ಭ..." ಕತ್ತರಿ ಮುಂದಕ್ಕೆ ಬಾಗಿದ.

ಅಧಿಕಾರಿಣಿ ಅವನತ್ತ ಅಂಗೈ ತೋರಿಸಿ ತಡೆದಳು. "ಈ ಪದ್ಧತಿ ನಿಮ್ಮೊಬ್ಬರಿಗೋ, ಎಲ್ಲ ಗುತ್ತಿಗೆಯವರಿಗೂನೋ?"

"ಎಲ್ಲರಿಗೂ. ಹಾಗಂತ ಇವರೇ ಹೇಳ್ತಿದ್ರು."

"ಯೋಚಿಸಿ ಹೇಳಿ. ನಿಮ್ಮ ಹೊಸ ಗುತ್ತಿಗೆ ವಿಷಯ ಇವರು ಹೇಳಿದ್ರು. ನೀವು ಹೇಳೋದನ್ನ ನಾನು ಬರ್ಕೊಂಡ್ರೆ ನಿಮ್ಮನ್ನೂ ಇಲ್ಲಿ ಸ್ವತಂತ್ರ ಅಂತ ತಗೊಳ್ಳೋಕಾಗಲ್ಲ."

ಮನೆಯಲ್ಲಿ ಬೆಳಗಿನಿಂದ ಬಾಗಿಲ ಸದ್ದಿಗೇ ಕಿವಿಗೊಟ್ಟು ಕುಳಿತಿರುವ ಗಂಡನ ಮುಖ ಕಣ್ಣ ಮುಂದೆ ಬಂತು. ಅವಳು ಅದನ್ನು ಸರಿಸಲಿಲ್ಲ.

"ಬರ್ಕೊಳ್ಳಿ ಮೇಡಂ."

ಕತ್ತರಿಯ ಮುಖ ಬಿಳಿಚಿಕೊಂಡಿತ್ತು. "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲಮ್ಮ," ಎಂದ, ಪಿಸುದನಿಯಲ್ಲಿ.

"ನಿಮ್ಮ ಕಾಲೂ ಅದರ ಕೆಳಗೇ ಇದೆಯಲ್ಲ ಸರ್. ಅಷ್ಟು ಸಾಕು ನನಗೆ."

ಚೀಲ ಹೆಗಲಿಗೇರಿಸಿ ಹೊರಬಂದು ಬಾಗಿಲು ಎಳೆದುಕೊಂಡಳು. ಎದುರಿನ ಗೋಡೆಗೆ ಒರಗಿದಳು. ಕೋಣೆಯ ಗಾಜಿನಾಚೆ ಕತ್ತರಿ ಎದ್ದು ನಿಂತಿದ್ದ. ಅಧಿಕಾರಿಣಿ ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು. ಅವನ ಬಾಯಿ ಆಡುತ್ತಿತ್ತು, ಸದ್ದು ಹೊರಗೆ ಬರುತ್ತಿರಲಿಲ್ಲ. ಎರಡೂ ಕೈ ಎತ್ತಿ, ಅಗಲಿಸಿ, ಎದೆಗೆ ತಂದು, ಮತ್ತೆ ಚಾಚಿ ಅವನು ಏನೇನೋ ವಿವರಿಸುತ್ತಿದ್ದ. ಅಭ್ಯಾಸಬಲದಿಂದ ಅವಳ ಕಣ್ಣು ಆ ಕೈಗಳ ಮೇಲೆ ನಿಂತಿತು. ಅವುಗಳಲ್ಲಿ ಅರ್ಥವಿರುವ ಒಂದು ಪದಕ್ಕಾಗಿ ಸ್ವಲ್ಪ ಹೊತ್ತು ಕಾದಳು; ಬರಲಿಲ್ಲ. ಆಮೇಲೆ ಮೆಟ್ಟಿಲು ಇಳಿದಳು.