ಬಲಗಡೆಯ ಹಗ್ಗ

ಅಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ, ಬಲಗಾಲೂ ಸೋತ ಮೇಲೆ ಐದು ತಿಂಗಳು ನಮ್ಮ ದೋಣಿ ದಕ್ಕೆಯಲ್ಲಿ ಕಟ್ಟಿದಲ್ಲೇ ಇತ್ತು. ಹಳೇ ಕಾಲದ ಹಾಯಿದೋಣಿ ಅದು. ಹಾಯಿ ಏರಿಸುವ ಹಗ್ಗಗಳು ಕಂಬದ ತುದಿಯಿಂದ ನೇರ ಕಂಬದ ಬುಡಕ್ಕೇ ಇಳಿಯುತ್ತವೆ. ದೊಡ್ಡ ಹಾಯಿಯದು ಬಲಕ್ಕೆ, ಚಿಕ್ಕದರದು ಎಡಕ್ಕೆ. ಒಬ್ಬರು ಅಲ್ಲಿ ನಿಂತು ಎಳೆಯಬೇಕು, ಇನ್ನೊಬ್ಬರು ಹಿಂದೆ ಕೂತು ಚುಕ್ಕಾಣಿ ಹಿಡಿಯಬೇಕು. ಮೂವತ್ತೊಂದು ವರ್ಷ ಕಂಬ ಅಣ್ಣನದು, ಚುಕ್ಕಾಣಿ ತಂಗಿಯಾದ ನನ್ನದು. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಜನರನ್ನು ಹತ್ತಿಸಿಕೊಂಡು ದ್ವೀಪಕ್ಕೆ ಹೋಗಿಬರುವುದನ್ನು ನಾವು ತಪ್ಪಿಸಿರಲಿಲ್ಲ.

“ಮಾರ್ಬಿಡು ಅದನ್ನ,” ಎಂದ ಅಣ್ಣ. “ನನ್ನನ್ನ ಮೂಟೆ ಥರ ಕೂರಿಸ್ಕೊಂಡು ಹೋಗ್ತೀಯಾ? ನಾನು ಬರಲ್ಲ.”

ಹಟ ಹಿಡಿದರೆ ಅವನು ಬ್ರಹ್ಮ ಬಂದರೂ ಜಗ್ಗುವುದಿಲ್ಲ. ನಾನೇನು ಕಡಿಮೆಯೇ? ಅವನಿಲ್ಲದೆ ದೋಣಿ ಹತ್ತುವ ಮನಸ್ಸು ನನಗಿರಲಿಲ್ಲ. ಅದನ್ನು ಅವನೆದುರು ಹೇಳಲು ಬಾಯಿಯೂ ಬರಲಿಲ್ಲ. ಹಗ್ಗದ ಕೆಲಸ ಮಾಡುವ ಮುದುಕನನ್ನು ಕರೆಸಿ, ಕಂಬದ ಬುಡಕ್ಕೆ ರಾಟೆ ಹಾಕಿಸಿ, ಹಗ್ಗಗಳನ್ನು ಹಲಗೆಯ ಮೇಲಿಂದ ಹಿಂದಕ್ಕೆ, ಚುಕ್ಕಾಣಿಯ ಹತ್ತಿರಕ್ಕೇ ತರಿಸಿದೆ. ಇನ್ನು ಕೂತಲ್ಲೇ ಎಳೆಯಬಹುದು.

ಒಂದು ಬೆಳಿಗ್ಗೆ ಕಾಡಿ ಬೇಡಿ ಅಣ್ಣನನ್ನು ಕರೆತಂದೆ. ಚುಕ್ಕಾಣಿಯ ಬಳಿ, ನನ್ನ ಎದುರಿಗೇ, ಮುಂದಕ್ಕೆ ಮುಖ ಮಾಡಿ ಕೂತ. ಹಗ್ಗ ನೋಡಿದ, ಆಮೇಲೆ ತಿರುಗಿ ನನ್ನನ್ನು ನೋಡಿದ.

ಆಗಲೇ ನನ್ನ ತಪ್ಪು ನನಗೆ ಹೊಳೆದದ್ದು. ದೊಡ್ಡ ಹಾಯಿಯ ಹಗ್ಗ ಬಲಕ್ಕೇ ಇರಲಿ ಎಂದು ಮುದುಕನಿಗೆ ಹೇಳಿದವಳು ನಾನೇ. ಅಭ್ಯಾಸಬಲ. ಅದನ್ನು ಸುತ್ತುವ ಗೂಟ ಈಗ ಅಣ್ಣನ ಬಲ ಮಗ್ಗುಲಲ್ಲಿ, ಅಲ್ಲಾಡದ ಆ ಕೈಯ ಪಕ್ಕದಲ್ಲೇ ಇತ್ತು.

“ಭಾರಿ ಬುದ್ಧಿವಂತೆ ಕಣೇ ನೀನು.”

“ನನ್ನ ತಲೆಗಿಷ್ಟು ಮಣ್ಣು ಹಾಕ. ನಾಳೆನೇ ಎಡಕ್ಕೆ ಹಾಕಿಸ್ತೀನಿ.”

“ನಾಳೆ ನಾನು ಬರಲ್ಲ.”

“ಬರ್ಬೇಡ. ನೀನಿಲ್ದೆ ನಾನೂ ಹೋಗಲ್ಲ. ಇದನ್ನ ಮಾರೋದೂ ಇಲ್ಲ. ಇಲ್ಲೇ ಕೊಳೀಲಿ.” ಐದು ತಿಂಗಳಿಂದ ಹೇಳದೆ ಉಳಿದದ್ದು ಅಂತೂ ಬಾಯಿಗೆ ಬಂದಿತ್ತು.

ಅಣ್ಣ ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಎಡಗೈಯಲ್ಲಿ ತನ್ನ ಬಲಗಾಲನ್ನು ಎತ್ತಿ, ಕೂತಲ್ಲೇ ಇಡೀ ಮೈ ತಿರುಗಿಸಿ, ಹಾಯಿಗೆ ಬೆನ್ನು ಕೊಟ್ಟು ನನಗೆದುರಾಗಿ ಕೂತ. ಈಗ ಹಗ್ಗ ಅವನ ಎಡಗೈಗೆ ಸಿಗುವಂತಿತ್ತು.

“ನಂಗೆ ಹಾಯಿ ಕಾಣಲ್ಲ. ನೀನು ನೋಡಿ ಹೇಳು,” ಎಂದ.

ಅವನು ಮುಂದಕ್ಕೆ ಬಾಗಿ ಬಾಗಿ ಎಳೆದ. ಎಳೆದಷ್ಟನ್ನು ನಾನು ಗೂಟಕ್ಕೆ ಸುತ್ತಿ ಬಿಗಿಹಿಡಿದೆ. ಇಷ್ಟು ವರ್ಷವೂ ಅವನು ಎಳೆಯುವಾಗ ನನಗೆ ಕಂಡದ್ದು ಬೆನ್ನು ಮಾತ್ರ. ಮುಖ ನೋಡಿದ್ದು ಅವತ್ತೇ. ಕಣ್ಣು ಬಿಗಿಯಾಗಿ ಮುಚ್ಚಿದ್ದ. ಕತ್ತಿನ ನರ ಉಬ್ಬಿತ್ತು. ಸೊಟ್ಟಗಾದ ತುಟಿಯಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಒರೆಸಲು ನನ್ನ ಕೈ ಖಾಲಿ ಇರಲಿಲ್ಲ.

ಏದುಸಿರು ಬಿಡುತ್ತಾ ಎಳೆಯುವುದನ್ನು ನಿಲ್ಲಿಸಿದ. “ತುದಿ ಮುಟ್ತಾ?”

ತಲೆಯೆತ್ತಿ ನೋಡಿದೆ. ಹಾಯಿ ಕಂಬದ ತುದಿ ಮುಟ್ಟಿರಲಿಲ್ಲ. ಮುಟ್ಟಿತು ಎಂದುಬಿಡಲು ಜೀವ ಹಾತೊರೆಯಿತು. ಹಾಗೆ ಅಂದಿದ್ದರೆ ಅವನಿಗೆ ತಿಳಿದೇ ತಿಳಿಯುತ್ತಿತ್ತು, ಮತ್ತೆಂದೂ ಬರುತ್ತಿರಲಿಲ್ಲ.

“ಇನ್ನೂ ಒಂದು ಮೊಳ ಇದೆ,” ಎಂದೆ. “ಎಳಿ.”

ಅಣ್ಣ ಎಳೆದ.