ಗಂಟು ಬಂದ ದಿನ

ಯಾ ಊರಪಾ ತಮ್ಮಾ, ಅಂತ ಎಮ್ಮೆ ಹೊಡೆದುಕೊಂಡು ಎದುರು ಬಂದ ಮುದುಕ ಕೇಳಿದ, ಕೇಳಿ ನಿಲ್ಲಲಿಲ್ಲ, ಎಮ್ಮೆ ನಿಲ್ಲಬೇಕಲ್ಲ, ಅದು ಹಳ್ಳದ ನೀರಿನ ವಾಸನೆ ಹಿಡಿದು ಹೊರಟಿತ್ತು, ಹುಬ್ಬಳ್ಳಿರಿ ಯಜ್ಜಾ ಅಂತ ಸಿದ್ದಪ್ಪ ಹೇಳಿದ್ದು ಮುದುಕನ ಕಿವಿಗೆ ಬಿತ್ತೋ ಇಲ್ಲವೋ, ಬೀಳದಿದ್ದರೂ ಇರಲಿ, ಕೇಳಿದನಲ್ಲ — ಈ ಒಂದು ಮಾತಿಗಾಗಿ ಮೂರು ವರ್ಷ ಬಸರಾದಲ್ಲಿ ಜೀವ ಹಂಬಲಿಸಿತ್ತು. ಅಲ್ಲಿ ಯಾ ಊರು ಅಂತ ಯಾರೂ ಕೇಳುವುದಿಲ್ಲ, ಅರಬರ ಕಣ್ಣಿಗೆ ಎಲ್ಲರೂ ಹಿಂದಿಗಳೇ, ಹಿಂದೂಸ್ತಾನದವರೇ, ಪಂಜಾಬದವನೂ ಹಿಂದಿ, ಮದರಾಸಿನವನೂ ಹಿಂದಿ, ಲಡಾಯಿ ಮುಗಿದ ಮೇಲೆ ಇಂಗ್ರೇಜರು ಆ ಮರಳಿನಲ್ಲಿ ರೇಲು ಓಡಿಸಲು ಮಂದಿ ಬೇಕು ಅಂದಾಗ ಹುಬ್ಬಳ್ಳಿಯ ಕಾರಖಾನೆ ಬಿಟ್ಟು ಫಿಟ್ಟರ್ ಕೆಲಸಕ್ಕೆ ಹೋದ ಸಿದ್ದಪ್ಪನೂ ಹಿಂದಿ, ಅವನ ಜೋಡಿ ಹೋದ ಹೆಬ್ಬಳ್ಳಿಯ ಕುಬೇರಪ್ಪನೂ ಹಿಂದಿ. ಜೋಡಿ ಹೋದವನು ಜೋಡಿ ಬರಲಿಲ್ಲ. ಹೋದ ಶ್ರಾವಣದಲ್ಲಿ ಜ್ವರ ಹತ್ತಿ, ಹನ್ನೊಂದು ದಿನ ಮಲಗಿ, ಅಲ್ಲೇ ಮಣ್ಣಾದ. ಈಗ ಸಿದ್ದಪ್ಪ ಧಾರವಾಡದಲ್ಲಿ ರೇಲು ಇಳಿದು ಹೆಬ್ಬಳ್ಳಿಯ ಹಾದಿ ಹಿಡಿದಿದ್ದಾನೆ, ಕುಬೇರಪ್ಪನನ್ನು ಸಾಕಿ ಬೆಳೆಸಿದ ಅಕ್ಕ ಮುರಿಗೆವ್ವನ ಮನೆಗೆ, ಊರಿಗೆ ಬಂದು ಇಪ್ಪತ್ತು ದಿನ ಆದ ಮೇಲೆ, ಇವತ್ತು ನಾಳೆ ಅಂತ ದಬ್ಬಿ ದಬ್ಬಿ, ಇನ್ನು ದಬ್ಬಲಿಕ್ಕೆ ನೆಪ ಉಳಿಯದೆ. ಅಂಗಿಯ ಒಳಕಿಸೆಯಲ್ಲಿ ಬೆಳ್ಳಿಯ ಕರಡಗಿ ಇದೆ, ಅದರೊಳಗೆ ಕುಬೇರಪ್ಪನ ಇಷ್ಟಲಿಂಗ ಇದೆ. ಅದು ಇಲ್ಲಿ ಇರಬಾರದಾಗಿತ್ತು.

ಕಾಲು ಭಾರ, ಹಡಗು ಇಳಿದ ದಿನದಿಂದ ಇದೇ ಭಾರ, ನಿದ್ದೆ ಮಾಡಿದರೂ ಹೋಗುವುದಿಲ್ಲ, ಕೇಶ್ವಾಪುರದ ಮನೆಯಲ್ಲಿ ಹೆಂಡತಿ ಕಾಳವ್ವ ಎಣ್ಣೆ ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ, ಏನಾಗೇತ್ರಿ ನಿಮಗ, ಬಂದಾಗಿಂದ ನೆಟ್ಟಗ ಎರಡ ಮಾತ ಆಡಿಲ್ಲ ಅನ್ನುತ್ತಾಳೆ, ಅವಳಿಗೆ ಏನು ಹೇಳುವುದು, ಅಲ್ಲಿ ಮಾತಿಗೆ ಬರವೇ ಇರಲಿಲ್ಲ, ಆಡಿ ಆಡಿ ಇದ್ದದ್ದೆಲ್ಲಾ ಅಲ್ಲೇ ಖರ್ಚಾಗಿ ಹೋಯಿತು ಅಂತಲೇ. ಕೆಲಸ ಬಿಟ್ಟ ಮೇಲೆ ಬ್ಯಾರಕಿನ ಮುಂದೆ ಮಂಚ ಎಳೆದುಕೊಂಡು ಊರು ನೆನೆಯುವುದೊಂದೇ ಉದ್ಯೋಗ, ಖಜೂರಿ ಗಿಡ ನೋಡಿ ನೋಡಿ ಕಣ್ಣು ಸೋತು ಒಂದು ಬೇವಿನ ನೆರಳು ಸಿಕ್ಕರೆ ಸಾಕು ಅನ್ನಿಸುತ್ತಿತ್ತು, ಹುಳಿ ಮಜ್ಜಿಗೆ, ಕಾರಖಾನೆಯ ಭೋಂಗಾ ಕೂಗಿದಾಗ ಕೇಶ್ವಾಪುರದ ನಾಯಿಗಳು ಅದರ ಜೋಡಿ ಕೂಗುವುದು, ಸುಮ್ಮನೆ ಹಾದಿಯಲ್ಲಿ ಹೋಗುವವನನ್ನು ನಿಲ್ಲಿಸಿ ಊಟ ಆತೇನ್ರಿ ಅನ್ನುವುದು, ಇಂಥವೇ, ಊರಲ್ಲಿದ್ದಾಗ ಯಾರೂ ಕಿಮ್ಮತ್ತು ಕೊಡದವು. ಕುಬೇರಪ್ಪನದು ಇನ್ನೂ ವಿಚಿತ್ರ, ಅವನಿಗೆ ಬೈಸಿಕೊಳ್ಳುವುದು ಬೇಕಾಗಿತ್ತು. ಸಾಹೇಬ ಇಂಗ್ರೇಜಿಯಾಗ ಬೈತಾನ, ಅರಬ ಅರಬಿಯಾಗ ಬೈತಾನ, ಒಂದೂ ಮೈಗೆ ಹತ್ತೂದಿಲ್ಲೋ ಸಿದ್ದ್ಯಾ, ನೀನರ ನಮ್ಮ ಮಾತಿನ್ಯಾಗ ಒಂದೀಟ ಬೈಯೋ, ನಮ್ಮಕ್ಕ ಬೈದಂಗ ಬೈಯೋ — ಸಿದ್ದಪ್ಪ ಬೈಯುತ್ತಿದ್ದ, ಏ ಹಾಳ ಮಸಡ್ಯಾ, ಹೊತ್ತ ನೆತ್ತಿಗಿ ಬಂದ್ರೂ ಬಿದ್ಕೊಂಡಿಯಲ್ಲೋ, ಎತ್ತಿಗಿ ನೀರ ನಿಮ್ಮಪ್ಪ ಬಂದ ಕುಡಸ್ತಾನೇನ — ಕುಬೇರಪ್ಪ ಕಣ್ಣು ಮುಚ್ಚಿ, ಭಜನೆ ಕೇಳುವವನ ಹಾಗೆ ತಲೆ ತೂಗುತ್ತಿದ್ದ. ಥಂಡಿ ದಿನದಲ್ಲಿ ಒಮ್ಮೆ ಮಳೆ ಬಂದಾಗ ಹುಚ್ಚನ ಹಾಗೆ ಬೂಟು ಕಳಚಿ ಕೆಸರಿಗೆ ಇಳಿದ, ಒಂದು ಮುಷ್ಟಿ ಎತ್ತಿ ಮೂಸಿ ನೋಡಿ ಒಗೆದ, ವಾಸನೀನ ಇಲ್ಲೋ ಇದಕ್ಕ, ಎಂಥಾ ಮಣ್ಣೋ ಇದು ಅಂದ. ಆ ಮಣ್ಣಿನಲ್ಲೇ ಇಟ್ಟರು ಅವನನ್ನು. ಇಟ್ಟರು ಅನ್ನಬೇಕು, ಇಟ್ಟೆವು ಅನ್ನಲಿಕ್ಕಾಗುವುದಿಲ್ಲ.

ಪತ್ರದಲ್ಲಿ ಮಾತ್ರ ಇಟ್ಟೆವು ಅಂತಲೇ ಬರೆದಿದ್ದ. ಲಿಂಗವಂತರ ಹುಡುಗ, ಕೂಡ್ರಿಸಿ ಇಟ್ಟಿವಿ, ಸೊಲ್ಲಾಪುರದ ಕಡೆಯ ಅಯ್ಯನವರೊಬ್ಬರು ಪುಣ್ಯಕ್ಕೆ ಸಿಕ್ಕರು, ಸುತ್ತ ವಿಭೂತಿ ಪೇರಿಸಿ, ಅವನ ಲಿಂಗ ಅವನ ಕೈಯಾಗ ಕೊಟ್ಟು ಎಲ್ಲಾ ಸಾಂಗ ಮಾಡಿವಿ, ನೀವು ಚಿಂತಿ ಮಾಡಬ್ಯಾಡ್ರಿ — ಎಷ್ಟು ಚಂದ ಬಂತು ಅಕ್ಷರ, ಸುಳ್ಳಿಗೆ ಯಾವಾಗಲೂ ಅಕ್ಷರ ಚಂದ. ಖರೇ ಅಂದರೆ ಆ ಬಿಸಿಲಿನಲ್ಲಿ ಹೆಣ ಇಟ್ಟುಕೊಳ್ಳುವ ಹಾಗಿಲ್ಲ ಅಂತ ದವಾಖಾನೆಯವರು ಹೊತ್ತು ಮುಳುಗುವುದರೊಳಗೆ ಉದ್ದಕ್ಕೆ ತೋಡಿದ ತಗ್ಗಿನಲ್ಲಿ, ಮತ್ತೆ ಏಳು ಮಂದಿಯ ಜೋಡಿ, ಸಾಲಾಗಿ ಮಲಗಿಸಿಬಿಟ್ಟಿದ್ದರು. ಮಲಗಿಸಬ್ಯಾಡಪಾ ಅಂತ ಕುಬೇರಪ್ಪ ಹೇಳಿದ್ದ, ಎಂಟನೆಯ ದಿನ, ಜ್ವರ ಸ್ವಲ್ಪ ಇಳಿದಾಗ, ನಗುತ್ತಲೇ ಹೇಳಿದ್ದ, ಒಂದ ವ್ಯಾಳ್ಯಾ ಏನರ ಹೆಚ್ಚು ಕಡಿಮಿ ಆದ್ರ ನನ್ನ ಕೂಡ್ರಿಸೋ ಸಿದ್ದ್ಯಾ, ಮಲಗಿ ಮಲಗಿ ಬೆನ್ನ ಹುಣ್ಣಾಗೇತಿ. ಹುಚ್ಚಗಿಚ್ಚ ಹಿಡದೈತೇನ ನಿನಗ ಅಂತ ಬೈದಿದ್ದ ಸಿದ್ದಪ್ಪ, ಬೈಸಿಕೊಂಡು ಅವನಿಗೆ ಖುಷಿಯಾಗಿತ್ತು. ದವಾಖಾನೆಯ ವಾರ್ಡಿನಲ್ಲಿ ಕೆಲಸಕ್ಕಿದ್ದ ವಿಜಾಪುರದ ನಿಜಾಮುದ್ದೀನ ಒಳ್ಳೆಯ ಮನುಷ್ಯ, ಒಳ್ಳೆಯತನದಿಂದಲೇ ಕೆಡಿಸಿದ, ಬೆಳ್ಳಿ ಸಾಮಾನ ಐತಿ, ಮಣ್ಣ ಮಾಡೋರು ಹೊಡದಾರಂತ ಕೊರಳಿನಿಂದ ಬಿಚ್ಚಿ ಜ್ವಾಕಿ ಮಾಡಿ ಇಟ್ಟೇನ್ರಿ ಅಂದ, ಅವನಿಗೇನು ಗೊತ್ತು, ಅವನ ಮೇಲೆ ಸಿಟ್ಟು ಮಾಡಲಿಕ್ಕೂ ಬರಲಿಲ್ಲ. ಅವತ್ತಿನಿಂದ ಕೊರಳಲ್ಲಿ ತನ್ನದು, ಕಿಸೆಯಲ್ಲಿ ಅವನದು. ಇದನ್ನು ಕೊಟ್ಟರೆ ಪತ್ರ ಸುಳ್ಳಾಗುತ್ತದೆ, ಕೊಡದಿದ್ದರೆ ಎಲ್ಲಿ ಇಡುವುದು, ಸಮುದ್ರಕ್ಕೆ ಬಿಡು ಅಂತ ಮನಸ್ಸು ಹಡಗಿನಲ್ಲಿ ನೂರು ಸಲ ಹೇಳಿತು, ಕೈ ಕೇಳಲಿಲ್ಲ.

ಬಂದ್ಯೇನೋ ಸಿದ್ದಪ್ಪಾ, ಬಾ, ಬೂಟ ಅಲ್ಲೇ ಬಿಡು — ಮುರಿಗೆವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಾಳೆ, ಎದ್ದಳು, ಸೆರಗಿನಿಂದ ಕೈ ಒರೆಸಿಕೊಂಡು ತಂಬಿಗೆ ನೀರು ತಂದಳು, ಅಳಲಿಲ್ಲ, ಅತ್ತಿದ್ದರೆ ಸಲೀಸಾಗುತ್ತಿತ್ತು. ಎಷ್ಟ ಕರ್ರಗ ಆಗಿಯೋ, ಆ ದೇಶದಾಗ ಸೂರ್ಯಾ ಬ್ಯಾರೇನಾ? ಕಾಲಿಗೆ ನೀರು ಹಾಕಿಕೊಂಡ, ಎಷ್ಟು ತಂಪು, ಮೂರು ವರ್ಷ ಇದನ್ನೂ ನೆನೆದಿದ್ದ, ಹಿತ್ತಾಳೆ ತಂಬಿಗೆಯ ನೀರು, ಆದರೆ ಈಗ ಅದು ಬರೀ ನೀರು. ಇದೇ ಆಗುತ್ತಿದೆ ಇಪ್ಪತ್ತು ದಿನದಿಂದ, ಮಜ್ಜಿಗೆ ಬರೀ ಮಜ್ಜಿಗೆ, ಭೋಂಗಾ ಬರೀ ಭೋಂಗಾ, ಇಬ್ಬರೂ ಕೂಡಿ ಕಟ್ಟಿದ ಆ ಊರು ಬಸರಾದ ಮಂಚದ ಮೇಲೆಯೇ ಉಳಿಯಿತು, ಒಬ್ಬನೇ ಬಂದರೆ ಸಿಗುವ ಊರಲ್ಲ ಅದು. ಕುಂದ್ರು, ಅಯ್ಯನವರಿಗೆ ಹೇಳಿ ಕಳಿಸೇನಿ, ನೀ ಬರ್ತಿ ಅಂತ ದಾರಿ ಕಾಯಾಕತ್ತಾರ, ನಿನ್ನ ಬಾಯಿಲೆ ಒಮ್ಮೆ ಕೇಳಬೇಕಂತ.

ಊರ ಜಂಗಮರು, ಚನ್ನಯ್ಯ ಅಯ್ಯನವರು, ಬಂದು ಕಂಬಳಿಯ ಮೇಲೆ ಕೂತರು, ಹಣೆಯ ತುಂಬ ವಿಭೂತಿ, ಸಣ್ಣ ದನಿ, ಸಿಟ್ಟಿಲ್ಲ ಸೆಡವಿಲ್ಲ, ಅದೇ ಹೆದರಿಕೆ. ಯಾ ದಿಕ್ಕಿಗೆ ಮಾರಿ ಮಾಡಿ ಕೂಡ್ರಿಸಿದ್ರಿ ತಮ್ಮಾ? ಉತ್ತರಕ್ಕರಿ — ಸಾಲಾಗಿ ಮಲಗಿಸಿದ್ದರು, ತಲೆ ಯಾವ ಕಡೆ ಅಂತ ಕೂಡ ಗೊತ್ತಿಲ್ಲ. ಅಯ್ಯನವರು ಸಿಕ್ಕಿದ್ರಂತ ಬರದಿದ್ದಿ, ಹೆಸರೇನು ಅವರದು? ಮಡಿವಾಳಯ್ಯ ಅಂತರಿ, ಸೊಲ್ಲಾಪುರ ಕಡ್ಯಾವ್ರು, ರೇಲ್ವೆದಾಗ ಪಾಯಿಂಟ್ಸಮನ್ ಇದ್ರು — ಅಂಥವರು ಯಾರೂ ಇಲ್ಲ, ಆದರೆ ಐದು ತಿಂಗಳಿಂದ ಹೇಳಿಕೊಂಡು ಹೇಳಿಕೊಂಡು ಆ ಮಡಿವಾಳಯ್ಯನ ಮೀಸೆಯೂ ಕಾಣುತ್ತದೆ ಈಗ. ವಿಭೂತಿ ಎಲ್ಲಿ ಸಿಕ್ತು ಆ ಊರಾಗ? ನಮ್ಮ ನಮ್ಮ ಹತ್ತರ ಇದ್ದದ್ದು ಕೂಡಿಸಿದಿವ್ರಿ. ಲಿಂಗ? ಕೈಯಾಗ ಕೊಟ್ಟಿವ್ರಿ — ಅಂಗಿಯೊಳಗೆ ಕರಡಗಿ ಎದೆಗೆ ಒತ್ತುತ್ತಿದೆ, ಎದ್ದು ಕಾಣಬಾರದು ಅಂತ ಸ್ವಲ್ಪ ಬಗ್ಗಿ ಕೂತ. ಅಯ್ಯನವರು ಕಣ್ಣು ಮುಚ್ಚಿ ಏನೋ ಅಂದುಕೊಂಡು ಕಣ್ಣು ತೆಗೆದರು, ಛಲೋ ಆತು ತಂಗೀ, ಪರದೇಶದಾಗ ಇಷ್ಟು ಕೂಡಿ ಬರೂದು ಅಂದ್ರ ಸಣ್ಣ ಮಾತಲ್ಲ, ಇಂಥಾ ಗೆಳ್ಯಾ ಸಿಗಬೇಕು. ಊರಾಗ ಎಲ್ಲಾರ ಮುಂದನೂ ನಾ ಹೇಳೇನ್ರಿ, ನಮ್ಮ ತಮ್ಮನ್ನ ಅನಾಥನಂಗ ಬಿಡಲಿಲ್ಲ ಅಂತ, ಅಂದಳು ಮುರಿಗೆವ್ವ, ಅನ್ನುವಾಗ ಅವಳ ದನಿ ಗಟ್ಟಿಯಾಗಿಯೇ ಇತ್ತು. ಮುಗಿಯಿತು. ಅಯ್ಯನವರು ಎದ್ದು ಹೋದರು. ಇಷ್ಟೇನಾ, ಇಷ್ಟಕ್ಕೆ ಇಪ್ಪತ್ತು ದಿನ ಹೆದರಿದ್ದು, ಇನ್ನು ಉಂಡು ಎದ್ದು ನಡೆದರೆ ಸಂಜೆಯ ರೇಲು ಸಿಗುತ್ತದೆ, ಕರಡಗಿ ಕಿಸೆಯಲ್ಲೇ ಇರಲಿ, ತಾನು ಸಾಯುವತನಕ ಇರಲಿ, ಹೋಗುವಾಗ ತನ್ನ ಕೈಯಲ್ಲಿ ಎರಡೂ ಲಿಂಗ ಕೊಡಲಿ ಮಂದಿ.

ಉಣ್ಣು, ನಾಚಿಕೋಬ್ಯಾಡ. ತಾಟಿನಲ್ಲಿ ರೊಟ್ಟಿ, ಬದನಿಕಾಯಿ ಪಲ್ಲೆ, ಶೇಂಗಾ ಹಿಂಡಿಯ ಚಟ್ನಿ, ಮುರಿದು ಬಾಯಿಗೆ ಇಟ್ಟ, ಅವಳು ಎದುರು ಗೋಡೆಗೆ ಆತು ಕೂತಿದ್ದಾಳೆ, ಕೈಯಲ್ಲಿ ಏನೂ ಕೆಲಸ ಇಲ್ಲದೆ ಅವಳು ಕೂತದ್ದನ್ನು ಅವನು ಎಂದೂ ನೋಡಿಲ್ಲ. ಅಲ್ಲೋ ಸಿದ್ದಪ್ಪಾ, ನಿಮ್ಮ ಜೋಡಿ ಕೆಲಸಕ್ಕಿದ್ದ ರಾಮಪ್ಪ ರಜಾ ಮುಗಿಸಿ ಬಸರಾಕ್ಕ ಹೋಗೂವಾಗ ಅವನ ಕೈಯಾಗ ಒಂದ ರೊಟ್ಟಿ ಗಂಟ ಕಳಿಸಿದ್ನೆಲ್ಲಾ, ಮುಟ್ಟಿತ್ತೇನ? ಮುಟ್ಟಿತು ಯಕ್ಕಾ ಅಂದ, ಬಾಯಿ ತಾನೇ ಅಂದುಬಿಟ್ಟಿತು. ಅವಾ ಇದ್ದಾಗನ ಮುಟ್ಟಿತ್ತೇನೋ? ಒಂದರ ತಿಂದನೇನ? — ಇದನ್ನು ಯಾರೂ ಕೇಳಬಾರದಾಗಿತ್ತು, ದಿಕ್ಕು ಕೇಳಲಿ, ವಿಭೂತಿ ಕೇಳಲಿ, ಅದಕ್ಕೆಲ್ಲಾ ಉತ್ತರ ಕಟ್ಟಿಕೊಂಡು ಬಂದಿದ್ದ, ಇದಕ್ಕೆ ಒಂದು ಮಾತೂ ಕಟ್ಟಿಕೊಂಡಿರಲಿಲ್ಲ. ಅವತ್ತು ಬಂದರಕ್ಕೆ ಅವನನ್ನು ಕುಬೇರಪ್ಪನೇ ಕಳಿಸಿದ್ದ, ಹತ್ತನೆಯ ದಿನ, ಹಾಸಿಗೆಯಿಂದಲೇ, ನಾಳೆ ರಾಮಪ್ಪನ ಬೋಟ ಬರ್ತೈತಿ, ನಮ್ಮಕ್ಕನ ರೊಟ್ಟಿ ಬರ್ತಾವು, ನೀ ಇಲ್ಲಿ ಬರಬ್ಯಾಡ, ಬಂದರಕ್ಕ ಹೋಗು, ಇಲ್ಲಂದ್ರ ಆ ಮಕ್ಕಳು ಹಾದ್ಯಾಗ ಖಾಲಿ ಮಾಡ್ತಾರ. ಮುಂಜಾನೆಯಿಂದ ಬಂದರದಲ್ಲಿ ನಿಂತ, ಇಳಿದವರನ್ನು ಡಾಕ್ಟರು ನೋಡಿ ಬಿಡುವತನಕ ಮೂರು ಹೊಡೆಯಿತು, ರಾಮಪ್ಪ ಬೇಲಿ ಮೇಲಿಂದ ಗಂಟು ಕೊಟ್ಟ, ಮುರಿಗೆವ್ವನ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ್ದು, ಅದಕ್ಕೆ ಒಲೆಯ ಹೊಗೆಯ ವಾಸನೆ, ಸಮುದ್ರ ದಾಟಿದರೂ ಹೋಗದ ವಾಸನೆ. ಅಲ್ಲಿಂದ ನೆಟ್ಟಗೆ ದವಾಖಾನೆಗೆ ಹೋಗಬಹುದಾಗಿತ್ತು. ಬ್ಯಾರಕು ಹಾದಿಯಲ್ಲೇ ಇತ್ತು, ಒಂದೇ ಒಂದು ತಿಂದು ಹೋಗೋಣ ಅನ್ನಿಸಿತು, ಮಂಚದ ಮೇಲೆ ಗಂಟು ಬಿಚ್ಚಿದ, ವಾಸನೆಗೆ ಎಲ್ಲರೂ ಬಂದರು, ಗದಗಿನವನು ಬಂದ, ರಾಯಚೂರಿನವನು ಬಂದ, ಒಬ್ಬ ತುಂಡು ಬಾಯಲ್ಲಿಟ್ಟುಕೊಂಡು ಸೀರೆಯ ತುಂಡಿಗೆ ಮುಖ ಒತ್ತಿ ಅಳುತ್ತಿದ್ದ, ಕುಬೇರ್ಯಾಗ ತೆಗದಿಡ್ರೋ ಅಂತ ಸಿದ್ದಪ್ಪ ಹತ್ತು ತೆಗೆದಿಟ್ಟ, ಹತ್ತರಲ್ಲಿ ನಾಲ್ಕು ತಾನೇ ತಿಂದ, ಕರುಂ ಕರುಂ ಅಂತ, ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದು, ಎಷ್ಟು ಸುಖ ಆಗಿತ್ತು, ಅಷ್ಟು ಸುಖ ಆ ಮೂರು ವರ್ಷದಲ್ಲಿ ಆಗಿರಲಿಲ್ಲ, ಇದನ್ನು ಯಾರ ಮುಂದೆ ಹೇಳುವುದು. ತಿಂದಲ್ಲೇ ನಿದ್ದೆ ಹತ್ತಿತು. ಆ ಗಂಟಿನ ಕೆಳಗೆ, ಅದೇ ಮಂಚದ ಮೇಲೆ, ಮಧ್ಯಾಹ್ನವೇ ದವಾಖಾನೆಯಿಂದ ಬಂದ ಚೀಟಿ ಬಿದ್ದಿತ್ತು, ಸತ್ತಿದ್ದಾನೆ, ನಿಮ್ಮವರು ಯಾರಾದರೂ ಕೂಡಲೇ ಬರಬೇಕು ಅಂತ. ಮರುದಿನ ದವಾಖಾನೆಯಿಂದ ತಿರುಗಿ ಬಂದು ಹಾಸಿಗೆಯ ಮೇಲಿನ ರೊಟ್ಟಿಯ ಚೂರು ಝಾಡಿಸುವಾಗ ಸಿಕ್ಕಿತು. ನಾಲ್ಕು ಗಂಟೆಗೆ ಓದಿದ್ದರೆ ಹೊತ್ತು ಇನ್ನೂ ಎತ್ತರ ಇತ್ತು, ಕೂಡ್ರಿಸ್ರಿ ಅಂತ ಕೈಕಾಲು ಬೀಳಬಹುದಾಗಿತ್ತು, ಕರಡಗಿ ಕೊಡಿಸಬಹುದಾಗಿತ್ತು.

ಹೇಳೋ ಸಿದ್ದಪ್ಪಾ, ಉಪ್ಪ ಜಾಸ್ತಿ ಆಗಿತ್ತಂದನೇನ? ಹೂಂ ಅಂದುಬಿಡು, ತಿಂದಾ, ಎರಡ ತಿಂದಾ, ಅಕ್ಕನ ಕೈ ಇದು ಅಂದಾ — ಎಷ್ಟು ಸಣ್ಣ ಸುಳ್ಳು, ಅಷ್ಟೆಲ್ಲಾ ದೊಡ್ಡವು ಹೇಳಿ ಮುಗಿಸಿದವನಿಗೆ ಇದೊಂದು ಯಾವ ಲೆಕ್ಕ, ಅವಳ ಮುಖ ನೋಡು, ಕೂಡ್ರಿಸಿದ್ದು ಅವಳು ಊರಿಗಾಗಿ ಕೇಳಿದ್ದು, ಇದು ಅವಳಿಗೆ ಬೇಕಾದದ್ದು. ಮುರಿದ ತುಂಡನ್ನು ತಿರುಗಿ ತಾಟಿಗೆ ಇಟ್ಟ. ಅವಾ ತಿನ್ನಲಿಲ್ಲ ಯಕ್ಕಾ, ಅಂದ. ಅವಳು ಗೋಡೆ ಬಿಟ್ಟು ಮುಂದೆ ಬಾಗಿದಳು. ಮತ್ತ ಯಾರ ತಿಂದ್ರೋ? ಕಿಸೆಗೆ ಕೈ ಹಾಕಬೇಕು, ಕರಡಗಿ ತೆಗೆದು ಕೊಡಬೇಕು, ಎಲ್ಲಾ ಹೇಳಿಬಿಡಬೇಕು, ಈಗಲೇ, ಆದರೆ ಕೈ ಎಂಜಲು, ಬೆರಳಿಗೆಲ್ಲಾ ಹಿಂಡಿ ಹತ್ತಿದೆ, ಎಂಜಲು ಕೈಯಲ್ಲಿ ಅದನ್ನು ಹೇಗೆ ಮುಟ್ಟುವುದು, ಅವತ್ತೂ ಹೀಗೇ, ಮರುದಿನ ಮುಂಜಾನೆ ದವಾಖಾನೆಯ ಬಾಗಿಲಲ್ಲಿ, ಉಳಿದ ಆರನ್ನು ಸೀರೆಯ ತುಂಡಿನಲ್ಲಿ ಕಟ್ಟಿ, ಮುರಿಯಬಾರದು ಅಂತ ಎರಡೂ ಕೈಯಲ್ಲಿ ಹಿಡಿದು, ಏ ಕುಬೇರ್ಯಾ ಏಳೋ ಹಾಳ ಮಸಡ್ಯಾ ಅಂತ ಹೊರಗಿನಿಂದಲೇ ಕೂಗುತ್ತ ಬಂದ, ನಿಜಾಮುದ್ದೀನ ಒಳಗಿನಿಂದ ಬಂದು ಕರಡಗಿ ಮುಂದೆ ಹಿಡಿದ, ತಗೊಳ್ರಿ ಅಂದ, ತಗೊಳ್ಳಲಿಕ್ಕೆ ಕೈ ಖಾಲಿ ಇಲ್ಲ, ಅವನು ಹಿಡಿದೇ ಇದ್ದಾನೆ, ತಗೊಳ್ರಿ ಅನ್ನುತ್ತಿದ್ದಾನೆ, ಸಿದ್ದಪ್ಪ ನಿಂತಿದ್ದಾನೆ, ಎರಡೂ ಕೈಯಲ್ಲಿ ರೊಟ್ಟಿ.