ಧಣಿಯ ಮನೆಯ ಬೆಡ್‌ಶೀಟು

"ಬಾಯಿ ಮುಚ್ಕೊಂಡು ಒಗೀರೇ, ದರಿದ್ರ ಮುಂಡೇವಾ! ಸತ್ತೋಳು ಸತ್ತಳು. ಇನ್ನೊಂದ್ಸಲ ಅವಳ ಹೆಸರು ಕೇಳಿಸ್ತೋ, ಹೊರಗೆ ದಬ್ತೀನಿ!"

ಮೇಸ್ತ್ರಿ ಲಾಂಡ್ರಿಯ ಬಾಗಿಲಲ್ಲಿ ನಿಂತು ಕ್ಯಾಕರಿಸಿ ಉಗಿದ. ಉಗುಳು ಬಿದ್ದದ್ದು ನಾನು ಆಗತಾನೆ ತೊಳೆದ ಕಲ್ಲಿನ ಮೇಲೆ.

ಸತ್ತವಳು ಗಿಣಿ, ನನ್ನ ತಮ್ಮನ ಹೆಂಡತಿ. ನಮ್ಮ ಜೊತೆಗೇ ಇಸ್ತ್ರಿ ಮಾಡುತ್ತಿದ್ದಳು, ಮಾತಿನ ಮಲ್ಲಿ. ತಲೆ ಒಡೆದು ಕಾಲುವೆಯಲ್ಲಿ ಬಿದ್ದಿದ್ದಳು. ಪೊಲೀಸರು ನನ್ನ ತಮ್ಮನನ್ನು ಎಳೆದುಕೊಂಡು ಹೋಗಿ ಒಳಗೆ ಹಾಕಿದರು. ಕುಡಿಯುತ್ತಾನೆ, ಹೊಡೆಯುತ್ತಾನೆ, ಇನ್ಯಾರು ಕೊಂದಾರು ಎಂದಿತು ಊರು. ಸುಳ್ಳೇಕೆ ಹೇಳಲಿ, ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಗಿಣಿ ಕಾಣೆಯಾದ ರಾತ್ರಿ ಅವನು ಒದ್ದೆ ಅಂಗಿಯಲ್ಲಿ ಮನೆಗೆ ಬಂದು, "ಹುಡುಕ್ತಾ ಕಾಲುವೆಗೆ ಇಳಿದಿದ್ದೆ ಅಕ್ಕಾ" ಎಂದಾಗ ನಾನು ನಂಬಿರಲಿಲ್ಲ.

ತಮ್ಮನನ್ನು ಹಿಡಿದಂದಿನಿಂದ ನಾನು ಹತ್ತಿರ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ನನಗೋ ಎಲ್ಲರಿಗಿಂತ ಹೆಚ್ಚು ಅನುಮಾನ ದೊಡ್ಡಮ್ಮನ ಮೇಲೆ. ಇಲ್ಲೇ ತಲೆ ನರೆಸಿಕೊಂಡ ಮುದುಕಿ. ನಾವು ಇಲ್ಲಿ ಕೆಮ್ಮಿದರೂ ಲಾಂಡ್ರಿಯ ಧಣಿಯ ಕಿವಿಗೆ ಹಾಕುವವಳು ಅವಳೇ.

ಮೇಸ್ತ್ರಿ ಒಂದು ಗಂಟನ್ನು ನನ್ನ ಮುಂದಕ್ಕೆ ಒದ್ದ.

"ಧಣಿ ಗೆಸ್ಟ್‌ಹೌಸಿಂದು. ಯಾರಿಗೋ ಮೂಗಲ್ಲಿ ರಕ್ತ ಬಂತಂತೆ. ಈಗ್ಲೇ ಹಂಡೆಗೆ ಹಾಕಿ ಕುದಿಸು. ಒಂದು ಚುಕ್ಕೆ ಉಳಿದ್ರೂ ಚರ್ಮ ಸುಲೀತೀನಿ."

ಅಂಚಿಗೆ ಧಣಿಯ ಮನೆತನದ ಹೆಸರು ಕಸೂತಿ ಹಾಕಿದ ಬೆಡ್‌ಶೀಟು. ನಡುವೆ ಅಗಲಕ್ಕೆ ಹರಡಿದ ಕಲೆ. ಮೂಗಿನ ರಕ್ತವಂತೆ! ಸುಟ್ಟುಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಮಗೂ ಕಣ್ಣಿವೆ ಎಂಬುದನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮಡಿಕೆಯೊಳಗೆ ಒಂದು ಗುಂಡಿ ಕೈಗೆ ತಗುಲಿತು. ನಾವೆಲ್ಲ ತೊಡುವ ನೀಲಿ ಕೋಟಿನ ಗುಂಡಿ. ನೀಲಿ ದಾರ ಸಿಗದೆ ಗಿಣಿಯ ಕೋಟಿಗೆ ನಾನೇ ಅದನ್ನು ಕೆಂಪು ದಾರದಲ್ಲಿ ಹೊಲಿದಿದ್ದೆ. ದಾರ ಇನ್ನೂ ಅದರಲ್ಲೇ ಇತ್ತು.

ಕೆಮ್ಮುವವಳ ಹಾಗೆ ಕೈಯನ್ನು ಬಾಯಿಗೆ ಒಯ್ದು ಗುಂಡಿಯನ್ನು ನಾಲಿಗೆಯಡಿ ಇಟ್ಟುಕೊಂಡೆ. ಮೇಸ್ತ್ರಿ ನೋಡಲಿಲ್ಲ. ದೊಡ್ಡಮ್ಮ ನೋಡಿಬಿಟ್ಟಳು.

ರಕ್ತದ ಬಟ್ಟೆಯನ್ನು ತಣ್ಣೀರಲ್ಲಿ ನೆನೆಸಬೇಕು. ಕುದಿಸಿದರೆ ಕಲೆ ನೂಲಿಗೆ ಕಚ್ಚಿಕೊಂಡು ಬಟ್ಟೆ ಹರಿಯುವವರೆಗೂ ಬಿಡುವುದಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ದೊಡ್ಡಮ್ಮ ಮೊದಲು ಕಲಿಸುವುದೇ ಇದನ್ನು. ಕೈ ಒದ್ದೆ ಮಾಡಿಕೊಳ್ಳದ ಮೇಸ್ತ್ರಿಗೆ ಅದೆಲ್ಲಿ ಗೊತ್ತು!

"ಮೇಸ್ತ್ರಿ..." ದೊಡ್ಡಮ್ಮ ರಾಗ ಎಳೆದಳು. ಹೇಳಿಯೇ ಬಿಡುತ್ತಾಳೆ ಎಂದುಕೊಂಡೆ. "ಸೌದೆ ಸಾಲ್ದು. ಇನ್ನಷ್ಟು ಹಾಕ್ಸಪ್ಪಾ. ಚೆನ್ನಾಗಿ ಕುದೀಬೇಕಲ್ಲ."

ಮೇಸ್ತ್ರಿ ಸೌದೆ ಹಾಕಿಸಿ ಚಹಾಕ್ಕೆ ಹೋದ. ನಾನು ಗುಂಡಿಯನ್ನು ಅಂಗೈಗೆ ಉಗಿದು ಎಲ್ಲರಿಗೂ ತೋರಿಸಿದೆ. ಆಮೇಲೆ ಬೆಡ್‌ಶೀಟನ್ನು ಹಾಗೇ ಹಂಡೆಗೆ ಇಳಿಸಿದೆ. ಹಂಡೆ ಕೊತಕೊತ ಕುದಿಯತೊಡಗಿತು.

"ಇಸ್ತ್ರಿ ಬಟ್ಟೆ ಕೊಟ್ಟು ಬಾ ಅಂತ ಅವತ್ತು ಗಿಣೀನ ಗೆಸ್ಟ್‌ಹೌಸಿಗೆ ಕಳಿಸಿದ್ದು ನಾನೇ ಕಣೇ," ದೊಡ್ಡಮ್ಮ ಬೆಂಕಿ ನೋಡುತ್ತ ಹೇಳಿದಳು. "ಧಣಿ ಅವಳೇ ಬರ್ಲಿ ಅಂದ, ಕಳಿಸ್ದೆ. ನಿನ್ ತಮ್ಮನ್ನ ಹಿಡ್ಕೊಂಡು ಹೋದಾಗ್ಲೂ ಸುಮ್ನಿದ್ದೆ. ನನ್ ಬಾಯಿಗೆ ಹುಳ ಬೀಳ್ಲಿ."

ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬೆಡ್‌ಶೀಟನ್ನು ಕೋಲಿನಿಂದ ಎತ್ತಿ, "ಆ ತುದಿ ಹಿಡ್ಕೋ" ಎಂದೆ.

ಒಣಗಿಸುವ ಹಗ್ಗಗಳಿದ್ದದ್ದು ಹಿತ್ತಲಲ್ಲಿ. ನಾವು ಮುಂದಿನ ಗೇಟಿಗೆ ಹೋದೆವು. ಕಂಬದಿಂದ ಕಂಬಕ್ಕೆ ಅಡ್ಡಲಾಗಿ ಹಗ್ಗ ಬಿಗಿದು, ಕಸೂತಿಯ ಹೆಸರು ರಸ್ತೆಗೆ ಕಾಣುವಂತೆ ಹರಡಿದೆವು. ಹೆಸರಿನ ಕೆಳಗೆ ಕಂದು ಕಲೆ ಅಚ್ಚೊತ್ತಿದಂತಿತ್ತು. ಹಾದಿಹೋಕರು ನಿಂತರು. ಎದುರಿನ ಅಂಗಡಿಯವನು ಹೊರಬಂದ.

ಮೇಸ್ತ್ರಿ ಓಡಿಬಂದ. "ಬೋಸುಡಿಗಳಾ! ಇಳಿಸ್ರೇ ಅದನ್ನ!"

"ಕುದಿಸು ಅಂದೆ, ಕುದಿಸಿದ್ವಿ," ಎಂದಳು ದೊಡ್ಡಮ್ಮ. "ಇನ್ನೂ ಒಣಗ್ಬೇಕು."

ಅಷ್ಟರಲ್ಲಿ ಧಣಿಯ ಕಾರು ಬಂದು ಬೆಡ್‌ಶೀಟಿನ ಆಚೆ ನಿಂತು ಹಾರ್ನ್ ಹೊಡೆಯಿತು. ಮೇಸ್ತ್ರಿಯೇ ಈಗಷ್ಟೇ ನೋಡಿದ್ದು; ಧಣಿಗೆ ಇಷ್ಟು ಬೇಗ ಸುದ್ದಿ ಮುಟ್ಟಿಸಿದ್ದು ನಮ್ಮಲ್ಲೇ ಯಾರೋ. ನಾನು ದೊಡ್ಡಮ್ಮನನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಹಾರ್ನ್ ಮತ್ತೆ ಮತ್ತೆ ಕೂಗಿತು.

ಯಾರೂ ಹಗ್ಗ ಬಿಚ್ಚಲಿಲ್ಲ.